ಮಫಿನ್ ಕೂತುಹೋಯಿತಾ? ಕರಾವಳಿ ಅಡುಗೆಮನೆಗೊಂದು ದೋಷ ನಿವಾರಣೆ ಕೈಪಿಡಿ

ಕಳೆದ ಆಟಿಯಲ್ಲಿ (ಜುಲೈ-ಆಗಸ್ಟ್‌ನ ಮಳೆಯ ತಿಂಗಳು) ಉಡುಪಿಯ ನಮ್ಮ ಮನೆಯಲ್ಲಿ ಬಾಳೆಹಣ್ಣಿನ ಮಸಾಲೆ ಮಫಿನ್ ಸಾಲಾಗಿ ಮೂರು ಸಲ ಕೈಕೊಟ್ಟಿತು. ಒವನ್‌ನಿಂದ ಹೊರಗೆ ಬಂದದ್ದು ಮಫಿನ್ ಅಲ್ಲ, ಸಿಹಿ ಇಡ್ಲಿ. ಒವನ್ ಹಾಳಾಗಿದೆ ಎಂದು ನಾನೇ ತೀರ್ಮಾನಿಸಿ ರಿಪೇರಿಯವರನ್ನು ಕರೆಸಿದೆ. ಅವರು ಬಿಚ್ಚಿ ನೋಡಿ, "ಇದಕ್ಕೆ ಏನೂ ಆಗ್ಲಿಲ್ಲ ಅಕ್ಕ" ಎಂದರು. ಬಂದ ಖರ್ಚು ತೆಗೆದುಕೊಂಡು ಹೋದರು. ಮರುದಿನ ಪಕ್ಕದ ಮನೆಯ ಬಾಯಮ್ಮ ನನ್ನ ಬೇಕಿಂಗ್ ಪೌಡರ್ ಡಬ್ಬಿಯಿಂದ ಒಂದು ಚಮಚ ತೆಗೆದು ಬಿಸಿನೀರಿಗೆ ಹಾಕಿದರು. ಒಂದು ಗುಳ್ಳೆ ಬರಲಿಲ್ಲ. ಪ್ರತಿ ಕ್ರಿಸ್ಮಸ್‌ಗೆ ಮನೆ ತುಂಬ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳು, ಮಾಡುವ ಕೈ ಅದು. ಬಾಯಿಬಿಟ್ಟು ಏನೂ ಹೇಳಲಿಲ್ಲ, ಡಬ್ಬಿಯನ್ನು ಸೀದಾ ಕಸದ ಬುಟ್ಟಿಗೆ ಹಾಕಿದರು.

ಹಾಗಾಗಿ ಇಲ್ಲಿ ಖರ್ಚಿಲ್ಲದ ಪರೀಕ್ಷೆ ಮೊದಲು, ಸ್ಕ್ರೂಡ್ರೈವರ್ ಕೊನೆಗೆ. ನನ್ನ ಅನುಭವದಲ್ಲಿ ನಮ್ಮೂರಿನಲ್ಲಿ ಮಫಿನ್ ಕೆಡುವುದು ಜಾಸ್ತಿಯಾಗಿ ನೀರಿನಿಂದ. ಗಾಳಿಯಲ್ಲಿರುವ ನೀರು, ಹಣ್ಣಿನೊಳಗಿನ ನೀರು, ಮುಚ್ಚಿದ ಡಬ್ಬಿಯಲ್ಲಿ ಕೂತ ಹಬೆಯ ನೀರು. ರೆಸಿಪಿ ಬರೆಯುವವರು ಎಲ್ಲೋ ಒಣಹವೆಯ, ತಣ್ಣಗಿನ ಊರಲ್ಲಿ ಕೂತು ಬರೆದಿರುತ್ತಾರೆ. ಅವರ ಲೆಕ್ಕ ನಮ್ಮ ಜುಲೈ ತಿಂಗಳಿಗೆ ಕೂಡಿ ಬರುವುದಿಲ್ಲ.

ಹೋಲಿಸಿ ನೋಡಲು ನನ್ನ ಅಳತೆ ಇದು. ಮೊಟ್ಟೆಯಿಲ್ಲದ್ದು, 12 ಮಫಿನ್‌ಗೆ: ಮೈದಾ 250 ಗ್ರಾಂ, ಕಿವುಚಿದ ಬಾಳೆಹಣ್ಣು 250 ಗ್ರಾಂ, ಪುಡಿ ಬೆಲ್ಲ 150 ಗ್ರಾಂ, ಹುಳಿಯಾದ ಗಟ್ಟಿ ಮೊಸರು ಅರ್ಧ ಕಪ್, ಎಣ್ಣೆ 100 ಮಿ.ಲೀ., ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಅಡುಗೆ ಸೋಡ ಅರ್ಧ ಟೀ ಚಮಚ, ಉಪ್ಪು ಕಾಲು ಟೀ ಚಮಚ. ಮಸಾಲೆಗೆ ದಾಲ್ಚಿನ್ನಿ ಪುಡಿ ಒಂದು ಟೀ ಚಮಚ, ಏಲಕ್ಕಿ ಅರ್ಧ, ಲವಂಗ ಮತ್ತು ಜಾಯಿಕಾಯಿ ಒಂದೊಂದು ಚಿಟಿಕೆ. ಮೇಲಿಂದ ಒಂದು ಹಿಡಿ ಒಣದ್ರಾಕ್ಷಿ. 180 ಡಿಗ್ರಿಯಲ್ಲಿ 20ರಿಂದ 25 ನಿಮಿಷ. ನಿಮ್ಮ ಅಳತೆ ಇದಕ್ಕಿಂತ ತುಂಬಾ ಬೇರೆ ಇದ್ದರೆ ಮೊದಲ ಸುಳಿವು ಅಲ್ಲೇ ಸಿಗಬಹುದು.

ಉಬ್ಬಲೇ ಇಲ್ಲ, ಇಡ್ಲಿಯ ಹಾಗೆ ಚಪ್ಪಟೆ

ಬಾಯಮ್ಮನ ಪರೀಕ್ಷೆಯಿಂದಲೇ ಶುರು ಮಾಡಿ. ಅರ್ಧ ಕಪ್ ಬಿಸಿನೀರಿಗೆ ಒಂದು ಟೀ ಚಮಚ ಬೇಕಿಂಗ್ ಪೌಡರ್ ಹಾಕಿ. ಕೂಡಲೇ ಬುಸ್ಸೆಂದು ನೊರೆ ಎದ್ದರೆ ಅದರಲ್ಲಿ ಜೀವ ಇದೆ. ಅಲ್ಲೊಂದು ಇಲ್ಲೊಂದು ಗುಳ್ಳೆ ಬಂದರೆ ಎಸೆದುಬಿಡಿ. ಎರಡು ಚಮಚ ಹಾಕಿ ಸರಿದೂಗಿಸುವ ಯೋಚನೆ ಬೇಡ. ಅಡುಗೆ ಸೋಡಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ. ಅದಕ್ಕೆ ನಾಲ್ಕು ಹನಿ ಲಿಂಬೆರಸ ಬಿಟ್ಟು ನೋಡಬೇಕು.

ಬೇಕಿಂಗ್ ಪೌಡರ್ ಯಾಕೆ ಸಾಯುತ್ತದೆ ಎಂದರೆ, ಅದರೊಳಗೆ ಸೋಡ ಮತ್ತು ಒಣ ಹುಳಿ ಎರಡೂ ಒಟ್ಟಿಗೇ ಇರುತ್ತವೆ. ನೀರು ತಾಗಿದ ಕೂಡಲೇ ಅವುಗಳ ಕೆಲಸ ಶುರು. ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಮುಚ್ಚಳ ಸಡಿಲ ಬಿಟ್ಟರೆ ಕೆಲಸ ಡಬ್ಬಿಯೊಳಗೇ ಮುಗಿದುಹೋಗುತ್ತದೆ. ಕುದಿಯುವ ಪಾತ್ರೆಯ ಮೇಲೆ ಡಬ್ಬಿ ಹಿಡಿದು ಚಮಚದಲ್ಲಿ ತೆಗೆಯುವ ಅಭ್ಯಾಸ ನನ್ನದು. ಹಬೆ ನೇರ ಒಳಗೆ ಹೋಗುತ್ತಿತ್ತು. ಡಬ್ಬಿಯ ಮೇಲಿನ ತಾರೀಕು ಮುಚ್ಚಿದ ಡಬ್ಬಿಗೆ ಮಾತ್ರ ಅನ್ವಯ. ಸಣ್ಣ ಡಬ್ಬಿ ತನ್ನಿ, ತೆರೆದ ದಿನ ಬರೆದಿಡಿ, ಒಲೆಯಿಂದ ದೂರ ಇಡಿ.

ಡಬ್ಬಿ ಸರಿ ಇದ್ದರೆ ಮುಂದಿನ ಪ್ರಶ್ನೆ: ಕಲಸಿದ ಹಿಟ್ಟು ಎಷ್ಟು ಹೊತ್ತು ಕಾಯಿತು? ಬನ್ಸ್ (ಬಾಳೆಹಣ್ಣು ಹಾಕಿ ಕರಿಯುವ ನಮ್ಮ ಸಿಹಿ ಪೂರಿ) ಮಾಡಿ ರೂಢಿಯಾದವರು ಇಲ್ಲಿ ಎಡವುತ್ತಾರೆ. ಬನ್ಸ್ ಹಿಟ್ಟನ್ನು ನಾದಿ ರಾತ್ರಿಯಿಡೀ ಬಿಡುತ್ತೇವೆ, ಹುಳಿ ಬಂದಷ್ಟೂ ರುಚಿ. ಮಫಿನ್ ಹಿಟ್ಟಿಗೆ ಆ ತಾಳ್ಮೆ ಇಲ್ಲ. ಮೊಸರು, ಬಾಳೆಹಣ್ಣು, ಬೆಲ್ಲದ ಹುಳಿ ಸೋಡಕ್ಕೆ ತಾಗಿದ ಗಳಿಗೆಯಿಂದ ಗಾಳಿ ಹೊರಡಲು ಶುರುವಾಗುತ್ತದೆ. ಹತ್ತು ನಿಮಿಷದೊಳಗೆ ಒವನ್ ಸೇರಬೇಕು. ಹಾಗೆಯೇ ಬೆಲ್ಲವನ್ನು ಕರಗಿಸಿ ಹಾಕುವವರು ಪಾಕ ಪೂರ್ತಿ ತಣಿಯುವ ತನಕ ಕಾಯಿರಿ. ಬಿಸಿ ಪಾಕ ಬಿದ್ದರೆ ಟ್ರೇಗೆ ಸುರಿಯುವ ಮೊದಲೇ ಗುಳ್ಳೆಯೆಲ್ಲ ಹೋಗಿರುತ್ತದೆ.

ಮೂರನೆಯದು ಕಾವು. ಸ್ವಿಚ್ ಹಾಕಿ ಐದು ನಿಮಿಷಕ್ಕೇ ಟ್ರೇ ತಳ್ಳಿದರೆ ಹಿಟ್ಟು ಬೆಚ್ಚಗೆ ಕೂತು ಗಾಳಿ ಬಿಟ್ಟುಬಿಡುತ್ತದೆ. ಸಣ್ಣ ಒಟಿಜಿಗೂ (ಮೇಜಿನ ಮೇಲಿಡುವ ಕರೆಂಟ್ ಒವನ್) ಖಾಲಿಯಾಗಿ ಹದಿನೈದು ನಿಮಿಷ ಕಾಯಲು ಬಿಡಿ. ಇಲ್ಲಿ ಯಾರೂ ಗಮನಿಸದ ಒಂದು ವಿಷಯ ಇದೆ, ವೋಲ್ಟೇಜ್. ಫ್ರಿಜ್ಜಿನ ಸ್ಟೆಬಿಲೈಸರ್‌ನಲ್ಲಿ ಅಂಕಿ ಕಾಣುತ್ತದಲ್ವಾ, ಅದನ್ನು ನೋಡಿ. 230 ಇರಬೇಕಾದಲ್ಲಿ 190 ಇದ್ದರೆ ಕಾಯಿಸುವ ರಾಡ್‌ನ ಶಕ್ತಿ ಸುಮಾರು ಮೂರರಲ್ಲಿ ಒಂದು ಪಾಲು ಇಳಿದುಬಿಡುತ್ತದೆ. ಸಂಜೆ ಎಲ್ಲರ ಮನೆಯಲ್ಲಿ ದೀಪ, ಪಂಪು, ಗೀಸರ್ ಓಡುವ ಹೊತ್ತಿನಲ್ಲಿ ಮಾಡಿದ್ದು ಕೂತು, ಮಧ್ಯಾಹ್ನ ಮಾಡಿದ್ದು ಉಬ್ಬಿದರೆ ದೋಷ ಒವನ್‌ನದ್ದೂ ಅಲ್ಲ, ನಿಮ್ಮದೂ ಅಲ್ಲ. ಹೊತ್ತು ಬದಲಿಸಿ.

ಕೊನೆಗೆ ಬೆಣ್ಣೆ. "ಕೋಣೆಯ ಉಷ್ಣತೆಯ ಬೆಣ್ಣೆಯನ್ನು ಸಕ್ಕರೆಯೊಂದಿಗೆ ನೊರೆ ಬರುವಂತೆ ಕಲಸಿ" ಎಂದು ರೆಸಿಪಿ ಹೇಳುತ್ತದೆ. ಅವರ ಕೋಣೆ 20 ಡಿಗ್ರಿ. ಏಪ್ರಿಲಿನಲ್ಲಿ ಮಂಗಳೂರಿನ ಕೋಣೆ 30ರ ಮೇಲೆ. ಇಲ್ಲಿ ಹೊರಗಿಟ್ಟ ಬೆಣ್ಣೆ ಗಾಳಿ ಹಿಡಿಯುವಷ್ಟು ಗಟ್ಟಿ ಇರುವುದೇ ಇಲ್ಲ. ಫ್ರಿಜ್ಜಿನಿಂದ ತೆಗೆದು ಬೆರಳು ಒತ್ತಿದರೆ ಗುಳಿ ಬೀಳುವ ಹದಕ್ಕೆ ಬಂದ ಕೂಡಲೇ ಬಳಸಿ. ಇಲ್ಲವಾದರೆ ಸುಮ್ನೆ ಎಣ್ಣೆಯ ರೆಸಿಪಿಗೆ ಹೋಗಿ. ನಾನು ಎರಡನೆಯದನ್ನೇ ಮಾಡಿದೆ.

ಚೆನ್ನಾಗಿ ಉಬ್ಬಿತು, ಹೊರಗೆ ತಂದ ಮೇಲೆ ನಡು ಕುಸಿಯಿತು

ಒಳಗೆ ಬೆಂದಿರಲಿಲ್ಲ, ಅಷ್ಟೆ. ಗೋಡೆ ಗಟ್ಟಿಯಾಗುವ ಮೊದಲೇ ಆಧಾರ ತಪ್ಪಿತು. ಮೊದಲ ಹದಿನೈದು ನಿಮಿಷ ಬಾಗಿಲು ತೆರೆಯಲೇಬೇಡಿ, ಮಕ್ಕಳು ಎಷ್ಟೇ ಕಾಡಲಿ. ಆಮೇಲೆ ಕಡ್ಡಿ ಚುಚ್ಚಿ ನೋಡಿ. ಗರಿಯಿಂದ ಹೊಸದಾಗಿ ಸೀಳಿದ ತೆಂಗಿನ ಕಡ್ಡಿ ಒಳ್ಳೆಯದು. ಹಿಡಿಸೂಡಿಯಿಂದ ಎಳೆದದ್ದಲ್ಲ, ದಯವಿಟ್ಟು.

ಪ್ರತಿಸಲವೂ ಜೋರಾಗಿ ಉಬ್ಬಿ ಕುಸಿಯುತ್ತದೆ, ಕಡ್ಡಿಯೂ ಒಣಗಿಯೇ ಬರುತ್ತದೆ ಎಂದಾದರೆ ಬೇಕಿಂಗ್ ಪೌಡರ್ ಜಾಸ್ತಿಯಾಗಿದೆ. ಊಟದ ಚಮಚ ಮತ್ತು ಟೀ ಚಮಚ ಅದಲುಬದಲಾದರೆ ಮೂರು ಪಾಲು ಬೀಳುತ್ತದೆ.

ನಡುವೆ ಕರೆಂಟ್ ಹೋದರೆ? ಬಾಗಿಲು ಮುಚ್ಚಿಯೇ ಇಡಿ. ಐದಾರು ನಿಮಿಷದಲ್ಲಿ ಬಂದರೆ ಹೆಚ್ಚಿನ ಸಲ ಬಚಾವ್. ಬರುವ ಲಕ್ಷಣ ಇಲ್ಲದಿದ್ದರೆ ಅಚ್ಚುಗಳನ್ನು ಇಡ್ಲಿ ಪಾತ್ರೆಯಲ್ಲಿಟ್ಟು ಹಬೆಯಲ್ಲಿ ಬೇಯಿಸಿ. ಮಫಿನ್ ಆಗುವುದಿಲ್ಲ, ಬಾಳೆಹಣ್ಣಿನ ಕಡುಬು ಆಗುತ್ತದೆ. ತುಪ್ಪ ಹಾಕಿ ತಿನ್ನಬಹುದು. ಅರ್ಧ ಬೆಂದದ್ದನ್ನು ಗಂಟೆಗಟ್ಟಲೆ ಹಾಗೇ ಬಿಟ್ಟು ಮತ್ತೆ ಬೇಯಿಸುವುದು ಬೇಡ.

ಮೇಲೆ ಕಪ್ಪು, ಒಳಗೆ ಹಸಿ

ಅತಿ ಸುಲಭದ ಪರೀಕ್ಷೆ ಟ್ರೇಯ ಜಾಗ. ಸಣ್ಣ ಒಟಿಜಿಯಲ್ಲಿ ಮೇಲಿನ ರಾಡ್ ಮಫಿನ್‌ನ ನೆತ್ತಿಗೆ ತೀರಾ ಹತ್ತಿರ. ಟ್ರೇಯನ್ನು ಒಂದು ಮೆಟ್ಟಿಲು ಕೆಳಗಿಳಿಸಿ. ಬೆಲ್ಲ, ಅದರಲ್ಲೂ ಕಪ್ಪು ಬೆಲ್ಲ, ಸಕ್ಕರೆಗಿಂತ ಬೇಗ ಬಣ್ಣ ತಿರುಗಿಸುತ್ತದೆ. ಬಣ್ಣ ನೋಡಿ ಬೆಂದಿದೆ ಎಂದುಕೊಂಡರೆ ಮೋಸ. ಹದಿನೈದನೇ ನಿಮಿಷಕ್ಕೇ ಕಂದು ಬಂದರೆ ಮೇಲೆ ಒಂದು ಫಾಯಿಲ್ ಹಾಳೆಯನ್ನು ಸಡಿಲವಾಗಿ, ರಾಡ್‌ಗೆ ತಾಗದಂತೆ ಹೊದಿಸಿ. ಮುಂದಿನ ಸಲ ಕಾವನ್ನು 10 ಡಿಗ್ರಿ ಇಳಿಸಿ.

ಇಷ್ಟು ಮಾಡಿಯೂ ಹಸಿ ಉಳಿದರೆ ಅಪರಾಧಿ ಹಣ್ಣು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ನಮ್ಮ ಹಣ್ಣುಗಳ ಬಗ್ಗೆ ಹೊರಗಿನ ರೆಸಿಪಿಗಳಿಗೆ ಗೊತ್ತೇ ಇಲ್ಲ.

ಹಿಟ್ಟಿನ ಹದ ಗೋಳಿಬಜೆ ಹಿಟ್ಟಿನಂತೆ ಇರಬೇಕು. ಸೌಟಿನಿಂದ ಮುದ್ದೆಯಾಗಿ ಬೀಳಬೇಕು, ಹರಿಯಬಾರದು. ಹರಿದರೆ ನೀರು ಜಾಸ್ತಿ. ನೇಂದ್ರ ಬಾಳೆ ಗಟ್ಟಿ, ಮೈಸೂರು ಬಾಳೆ ಕಪ್ಪಾಗುವಷ್ಟು ಹಣ್ಣಾದರೆ ನೀರು ನೀರು. "ಮೂರು ಬಾಳೆಹಣ್ಣು" ಎಂಬ ಅಳತೆಗೆ ಅರ್ಥವೇ ಇಲ್ಲ. ತೂಗಿ ನೋಡಿ. ತಕ್ಕಡಿ ಇಲ್ಲದಿದ್ದರೆ ಮೊಸರನ್ನು ಕೊನೆಗೆ ಸೇರಿಸಿ, ಹದ ಬಂದಲ್ಲಿಗೆ ನಿಲ್ಲಿಸಿ.

ಹಲಸಿನಲ್ಲಿ ಬಕ್ಕೆಯ, ಅಂದರೆ ಗಟ್ಟಿ ಜಾತಿಯ, ತೊಳೆಯನ್ನು ಸಣ್ಣಗೆ ಹೆಚ್ಚಿ ಹಾಗೇ ಹಾಕಬಹುದು. ಮೆತ್ತಗಿನ ತುಳುವ ಹಲಸಿನ ರಸ ಹಾಗಲ್ಲ. ಬಾಣಲೆಯಲ್ಲಿ ತುಪ್ಪ ಹಾಕಿ, ತಳ ಬಿಡುವ ತನಕ ಮಗುಚಿ, ತಣಿಸಿಯೇ ಸೇರಿಸಬೇಕು. ಮನೆಯಲ್ಲಿ ಹೋದ ವರ್ಷದ ಬೆರಟಿ (ಬೆಲ್ಲ ಹಾಕಿ ಕಾಯಿಸಿಟ್ಟ ಹಲಸಿನ ಪಾಕ) ಇದ್ದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ನೀರೂ ಇಲ್ಲ, ಬೆಲ್ಲವೂ ಸೇರಿರುತ್ತದೆ. ಬೇರೆ ಬೆಲ್ಲವನ್ನು ಅರ್ಧಕ್ಕಿಳಿಸಿ.

ಅನಾನಸನ್ನು ಹಸಿಯಾಗಿ ಹಾಕಲೇಬೇಡಿ. ನೀರಿನ ಕಾರಣ ಒಂದು. ಇನ್ನೊಂದು, ಅದರಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಹಾಲು ಮೊಸರಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ. ಸಣ್ಣ ತುಂಡು ಮಾಡಿ, ಸಕ್ಕರೆಯೊಂದಿಗೆ ಕುದಿಸಿ, ರಸ ಇಂಗಿಸಿದರೆ ಎರಡೂ ಸಮಸ್ಯೆ ಹೋಯಿತು. ರಸಭರಿತ ಮಾವಿಗಿಂತ ಮಾಂಬಳದ (ಒಣಗಿಸಿದ ಮಾವಿನ ರಸದ ಹಾಳೆ) ತುಂಡು ಮಫಿನ್‌ಗೆ ಚೆನ್ನ ಎಂದು ನನ್ನ ಮತ. ಮನೆಯಲ್ಲಿ ಇದಕ್ಕೆ ವಿರೋಧವಿದೆ.

ಕಡ್ಡಿ ಒದ್ದೆ ಬಂದಾಗ ಇನ್ನೊಂದು ಕಡೆ ಚುಚ್ಚಿ ನೋಡಿ. ಮೊದಲನೆಯದು ಹಣ್ಣಿನ ತುಂಡಿಗೇ ಹೋಗಿರಬಹುದು. ಹಸಿ ಹಿಟ್ಟು ಬೆಳ್ಳಗೆ ಅಂಟುತ್ತದೆ, ಹಣ್ಣಿನ ರಸ ಬರೇ ಹೊಳೆಯುತ್ತದೆ. ಹಸಿ ಉಳಿದದ್ದನ್ನು "ಪರವಾಗಿಲ್ಲ, ಮೃದುವಾಗಿದೆ" ಎಂದು ಮಕ್ಕಳಿಗೆ ಕೊಡಬೇಡಿ. ಮೊಟ್ಟೆ ಹಾಕಿದ್ದರಂತೂ ಬೇಡವೇ ಬೇಡ. ಬೇಯಿಸದ ಮೈದಾದಲ್ಲೂ ರೋಗಾಣು ಇರಬಹುದು. ಪಾತ್ರೆಯ ತಳ ನೆಕ್ಕುವ ಆಸೆಯನ್ನೂ ಬಿಡಬೇಕು.

ಹಣ್ಣೆಲ್ಲ ತಳದಲ್ಲಿ

ನೆನೆಸಿದ ದ್ರಾಕ್ಷಿಯನ್ನು ಸೋಸಿ, ಬಟ್ಟೆಯಲ್ಲಿ ಒರೆಸಿ, ಒಂದು ಚಮಚ ಮೈದಾದಲ್ಲಿ ಹೊರಳಿಸಿ. ಸ್ವಲ್ಪ ಸಹಾಯ ಆಗುತ್ತದೆ. ಆದರೆ ಹಿಟ್ಟು ತೆಳುವಾಗಿದ್ದರೆ ಎಷ್ಟು ಹೊರಳಿಸಿದರೂ ಮುಳುಗುವುದು ಮುಳುಗುತ್ತದೆ. ಹದ ಗಟ್ಟಿ ಮಾಡಿ, ತುಂಡು ಚಿಕ್ಕದು ಮಾಡಿ. ಪ್ರತಿ ಅಚ್ಚಿಗೂ ಮೊದಲು ಒಂದು ಚಮಚ ಬರೇ ಹಿಟ್ಟು ಹಾಕಿ, ಆಮೇಲೆ ಹಣ್ಣು ಸೇರಿಸಿದ್ದು ಹಾಕಿ.

ರಬ್ಬರಿನ ಹಾಗೆ ಎಳೆಯುತ್ತದೆ, ಒಳಗೆ ಸುರಂಗ

ಕಲಸಿದ್ದು ಜಾಸ್ತಿಯಾಯಿತು. ಮತ್ತೆ ಬನ್ಸ್ ಕೈಯದ್ದೇ ತಪ್ಪು. ಮೈದಾಕ್ಕೆ ನೀರು ತಾಗಿದ ಮೇಲೆ ತಿರುವಿದಷ್ಟೂ ಅಂಟು ಬೆಳೆಯುತ್ತದೆ. ಒಳಗಿನ ಗಾಳಿಗೆ ಹರಡಲು ಜಾಗ ಸಿಗದೆ ಉದ್ದುದ್ದ ಸುರಂಗ ಕೊರೆದು ಮೇಲೆ ಹೋಗುತ್ತದೆ. ನೆತ್ತಿ ಚೂಪಾಗಿ ಗೋಪುರದಂತೆ ಎದ್ದಿದ್ದರೆ ಅದೂ ಇದರದ್ದೇ ಗುರುತು. ಒಣ ವಸ್ತು ಬೇರೆ, ದ್ರವ ಬೇರೆ ಮಾಡಿಕೊಂಡು, ಕೊನೆಗೆ ಸೇರಿಸಿ ಹತ್ತು ಹನ್ನೆರಡು ಸಲ ಮಗುಚಿ ನಿಲ್ಲಿಸಿ. ಅಲ್ಲಲ್ಲಿ ಗಂಟು ಇರಲಿ. ಮಿಕ್ಸಿಗಂತೂ ಹಾಕಬೇಡಿ.

ಮೈದಾದ ಬದಲು ಪೂರ್ತಿ ಗೋಧಿಹಿಟ್ಟು ಹಾಕಿದರೆ ರಬ್ಬರ್ ಅಲ್ಲ, ಕಲ್ಲು. ಗೋಧಿಹಿಟ್ಟು ಜಾಸ್ತಿ ನೀರು ಕುಡಿಯುತ್ತದೆ. ಅರ್ಧಕ್ಕರ್ಧ ಸೇರಿಸಿ, ಎರಡು ಮೂರು ಚಮಚ ಹಾಲು ಹೆಚ್ಚಿಸಿ.

ಕಹಿ, ಸೋಪಿನ ರುಚಿ, ನಾಲಿಗೆ ಜೋಮು

ಮೂರೂ ಬೇರೆ ಬೇರೆ ದೂರು. ಸೋಪಿನ ರುಚಿ, ಜೊತೆಗೆ ಒಳಗೆ ಹಳದಿ ಮಿಶ್ರಿತ ಕಂದು ಚುಕ್ಕೆ ಇದ್ದರೆ ಸೋಡ ಜಾಸ್ತಿ, ಇಲ್ಲವೇ ಸರಿಯಾಗಿ ಬೆರೆತಿಲ್ಲ. ಮೈದಾದೊಂದಿಗೆ ಎರಡು ಸಲ ಜರಡಿ ಹಿಡಿಯಿರಿ. ಹುಳಿ ಏನೂ ಹಾಕದೆ ಸೋಡ ಮಾತ್ರ ಹಾಕಿದ್ದರೂ ಇದೇ ಗತಿ.

ನಾಲಿಗೆ ಜೋಮು ಹಿಡಿದರೆ ಲವಂಗ. ಹಲ್ಲುನೋವಿಗೆ ಲವಂಗದ ಎಣ್ಣೆ ಇಡುತ್ತೇವಲ್ಲ, ಅದೇ ಯುಜೆನಾಲ್‌ನ ಕೆಲಸ. ಒಂದು ಟ್ರೇಗೆ ನಾಲ್ಕು ಲವಂಗದ ಪುಡಿ ಧಾರಾಳ.

ಕಹಿ ಬಂದರೆ ಜಾಯಿಕಾಯಿಯನ್ನು ಸಂಶಯಿಸಿ. ಅಡಿಕೆ ತೋಟದ ಮನೆಗಳಲ್ಲಿ ಜಾಯಿಕಾಯಿ ಪುಕ್ಕಟೆ ಸಿಗುತ್ತದೆ, ಹಾಗಾಗಿ ಕೈ ಉದಾರ. ಇದು ರುಚಿಯ ಮಾತು ಮಾತ್ರ ಅಲ್ಲ. ಐದು ಗ್ರಾಂನಷ್ಟು ಒಬ್ಬರ ಹೊಟ್ಟೆಗೆ ಹೋದರೆ ವಾಂತಿ, ತಲೆಸುತ್ತು, ಎದೆಬಡಿತ, ಭ್ರಮೆ ತನಕ ಹೋಗಬಹುದು. ಒಂದು ಇಡೀ ಜಾಯಿಕಾಯಿಯ ತೂಕವೇ ಹೆಚ್ಚುಕಡಿಮೆ ಅಷ್ಟು. ಚಿಟಿಕೆ ಎಂದರೆ ಚಿಟಿಕೆಯೇ. ಮಗು ತುರಿದಿಟ್ಟ ಪುಡಿ ಬಾಯಿಗೆ ಹಾಕಿಕೊಂಡರೆ ಮನೆಮದ್ದು ಹುಡುಕದೆ ಡಾಕ್ಟರ ಹತ್ತಿರ ಹೋಗಿ.

ಮಸಾಲೆಯ ಪರಿಮಳವೇ ಇಲ್ಲ ಎಂಬುದು ಎದುರು ದೂರು. ಪುಡಿ ಹಳತಾಗಿದೆ. ಅಂಗೈಯಲ್ಲಿ ಉಜ್ಜಿ ಮೂಸಿ. ಮೂಗಿಗೆ ಬರದ್ದು ಮಫಿನ್‌ಗೂ ಬರುವುದಿಲ್ಲ. ಗಂಟು ಕಟ್ಟಿ, ಹಳೆ ಚಾಪೆಯ ವಾಸನೆ ಬಂದರೆ ಬಿಸಿಲಿಗೆ ಒಣಗಿಸಿ ಉಳಿಸಲು ಹೋಗಬೇಡಿ, ಬಿಸಾಡಿ.

ಕಾಗದ ಬಿಡುವುದಿಲ್ಲ

ಬಿಸಿ ಇರುವಾಗ ಕಿತ್ತರೆ ಅರ್ಧ ಮಫಿನ್ ಕಾಗದದಲ್ಲೇ. ಪೂರ್ತಿ ತಣಿಯಲಿ. ತಣಿದ ಮೇಲೂ ಬಿಡದಿದ್ದರೆ ಎಣ್ಣೆ ತೀರಾ ಕಡಿಮೆ, ಇಲ್ಲವೇ ಕಾಗದ ಅಗ್ಗದ್ದು. ಒಳಗೆ ಸ್ವಲ್ಪ ಎಣ್ಣೆ ಸವರಿ. ಕಪ್ ಮುಗಿಯಿತೆಂದು ಪೇಪರಿನ ಹಾಳೆ ಕತ್ತರಿಸಿ ಇಡಬೇಡಿ. ಮುದ್ರಣದ ಮಸಿ ಆಹಾರಕ್ಕೆ ಇಳಿಯುತ್ತದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೂಡ ಇದನ್ನು ಬೇಡ ಎಂದಿದೆ.

ಮರುದಿನ ನೆತ್ತಿ ಅಂಟು, ಮೂರನೇ ದಿನ ಬೂಸ್ಟು

ಬೆಲ್ಲ, ಸಕ್ಕರೆ ಗಾಳಿಯ ನೀರನ್ನು ಎಳೆದುಕೊಳ್ಳುತ್ತವೆ. ಮಳೆಗಾಲದಲ್ಲಿ ಸ್ವಲ್ಪ ಅಂಟು ಸಹಜ. ಕೈಯಲ್ಲಿ ಮೆತ್ತುವಷ್ಟಾದರೆ ಬಿಸಿಬಿಸಿಯಾಗಿ ಡಬ್ಬಿಗೆ ತುಂಬಿದ್ದೀರಿ. ಮುಚ್ಚಳದ ಒಳಗೆ ಹನಿ ಕಂಡರೆ ಅದೇ ಸಾಕ್ಷಿ. ಜಾಲರಿಯ ಮೇಲೆ, ಫ್ಯಾನ್ ಕೆಳಗೆ, ತಳ ಮುಟ್ಟಿದರೆ ತಣ್ಣಗಾಗುವ ತನಕ ಬಿಡಿ. ಕಡಿಮೆ ಎಂದರೂ ಒಂದು ಗಂಟೆ ಬೇಕು.

ಆಟಿಯಲ್ಲಿ ಹಣ್ಣಿನ ಮಫಿನ್ ಹೊರಗೆ ಇಟ್ಟರೆ ಎರಡನೆಯ ದಿನಕ್ಕೆ ಮುಗಿಸಿ. ಉಳಿದದ್ದು ಫ್ರೀಜರಿಗೆ. ಒಂದರ ಮೇಲೆ ಬೂಸ್ಟು ಕಂಡರೆ ಆ ಜಾಗ ಚಿವುಟಿ ತಿನ್ನಬೇಡಿ. ಕಣ್ಣಿಗೆ ಕಾಣದ ಬೇರು ಮೃದುವಾದ ತಿಂಡಿಯೊಳಗೆ ಆಳಕ್ಕೆ ಹೋಗಿರುತ್ತದೆ. ಮೂಸಿ ನೋಡುವುದೂ ಬೇಡ. ಅಕ್ಕಪಕ್ಕದವರಿಗೆ ಹಂಚುವಾಗ ಗೋಡಂಬಿ, ಮೊಟ್ಟೆ ಇದ್ದರೆ ಮೊದಲೇ ಹೇಳಿಬಿಡಿ. ಅಲರ್ಜಿ ಇರುವವರಿದ್ದಾರೆ, ಮೊಟ್ಟೆ ಮುಟ್ಟದ ಮನೆಗಳಂತೂ ನಮ್ಮೂರಲ್ಲಿ ಬೇಕಷ್ಟಿವೆ.

ಒಂದು ಬದಿ ಕಪ್ಪು, ಒಂದು ಬದಿ ಬಿಳಿ: ಈಗ ಒವನ್‌ಗೆ ಬರೋಣ

180 ಡಿಗ್ರಿಯಲ್ಲಿ ಕಾಯಿಸಿದ ಒವನ್‌ನಲ್ಲಿ ಜಾಲರಿ ತುಂಬ ಬ್ರೆಡ್ ತುಂಡು ಹರಡಿ ಕೆಲವು ನಿಮಿಷ ಬಿಡಿ. ಎಲ್ಲಿ ಬೇಗ ಕೆಂಪಾಯಿತೋ ಅಲ್ಲಿ ಕಾವು ಜಾಸ್ತಿ. ಸ್ವಲ್ಪ ವ್ಯತ್ಯಾಸ ಎಲ್ಲ ಒವನ್‌ಗೂ ಇದೆ. ಹದಿನೈದು ನಿಮಿಷ ಕಳೆದ ಮೇಲೆ ಟ್ರೇ ತಿರುಗಿಸಿದರೆ ಮುಗಿಯಿತು. ತಳ ಪೂರ್ತಿ ಬಿಳಿ ಉಳಿದರೆ ಗುಬ್ಬಿ (ನಾಬ್) ತಿರುಗಿಸಿದ್ದು ಎರಡೂ ರಾಡ್‌ಗೆ ಹೌದೇ ನೋಡಿ. ಹೌದಾದರೂ ಕೆಳಗಿನದು ಕೆಂಪಾಗದಿದ್ದರೆ ರಾಡ್ ಹೋಗಿದೆ. ಅಲ್ಲಿಂದ ಮುಂದೆ ರಿಪೇರಿಯವರ ಕೆಲಸ. ಒವನ್ ಒಳಗೆ ಇಡುವ ಥರ್ಮಾಮೀಟರ್ ಒಂದಿದ್ದರೆ ಗುಬ್ಬಿಯ ಅಂಕಿ ಎಷ್ಟು ಸುಳ್ಳು ಎಂದು ತಿಳಿಯುತ್ತದೆ.

ಕೆಳಗಿನವು ಕಂಡರೆ ಮಾತ್ರ ಪರೀಕ್ಷೆ ಮಾಡುತ್ತಾ ಕೂರಬೇಡಿ, ಅಲ್ಲೇ ನಿಲ್ಲಿಸಿ.

ಪ್ಲಗ್ ಬಿಸಿ, ಪ್ಲಾಸ್ಟಿಕ್ ಸುಟ್ಟ ವಾಸನೆ: 6 ಆಂಪಿಯರ್‌ನ ಸಣ್ಣ ಸಾಕೆಟ್ 230 ವೋಲ್ಟ್‌ನಲ್ಲಿ ತಾಳುವುದು 1,380 ವಾಟ್. ಒವನ್ ಹಿಂದಿನ ಚೀಟಿಯಲ್ಲಿ 1,500 ಎಂದಿದ್ದರೆ ಅದಕ್ಕೆ 16 ಆಂಪಿಯರ್‌ನ ದೊಡ್ಡ ಸಾಕೆಟ್ಟೇ ಬೇಕು. ಎಕ್ಸ್‌ಟೆನ್ಶನ್ ಬಾಕ್ಸ್ ಬೇಡ.

ಮುಟ್ಟಿದರೆ ಜುಂ ಎನ್ನುತ್ತದೆ: ಒವನನ್ನು ಮತ್ತೆ ಮುಟ್ಟದೆ ಗೋಡೆಯ ಸ್ವಿಚ್ ಆರಿಸಿ. ಒದ್ದೆ ಕೈ, ಬರಿಗಾಲು ಬೇಡ. ಎಲೆಕ್ಟ್ರಿಷಿಯನ್ ಬಂದು ಅರ್ತಿಂಗ್ ನೋಡುವ ತನಕ ಬಳಸಬೇಡಿ. "ಚಪ್ಪಲಿ ಹಾಕಿದ್ರೆ ಹೊಡೆಯಲ್ಲ" ಎಂಬ ಸಲಹೆ ನನಗೂ ಬಂದಿದೆ. ಕೇಳಬೇಡಿ.

ಹಾಕಿದ ಕೂಡಲೇ ಟ್ರಿಪ್: ಮಳೆಗಾಲ ಪೂರ್ತಿ ಮೂಲೆಯಲ್ಲಿದ್ದ ಒವನ್‌ನ ರಾಡ್ ತೇವ ಎಳೆದುಕೊಂಡಿರಬಹುದು, ಉಪ್ಪುಗಾಳಿಗೆ ಒಳಗೆ ತುಕ್ಕು ಹಿಡಿದಿರಬಹುದು. ಮತ್ತೆ ಮತ್ತೆ ಸ್ವಿಚ್ ಎತ್ತಬೇಡಿ. ಟ್ರಿಪ್ ಆಗದ ಲೈನಿಗೆ ಹಾಕಿ ನೋಡುವುದು ಇನ್ನೂ ಅಪಾಯ.

ಒಳಗೆ ಬೆಂಕಿ: ಬಾಗಿಲು ತೆರೆಯಬೇಡಿ, ನೀರು ಹಾಕಬೇಡಿ. ಸ್ವಿಚ್ ಆರಿಸಿ. ಗಾಳಿ ಸಿಗದೆ ತಾನೇ ಆರುತ್ತದೆ. ಹೊರಗೆ ಬಂದರೆ ಎಲ್ಲರೂ ಮನೆಯಿಂದ ಆಚೆ ಹೋಗಿ 101 ಅಥವಾ 112ಕ್ಕೆ ಕರೆ ಮಾಡಿ.

ಒವನ್ ರಿಪೇರಿಗೆ ಹೋದಾಗ ಕುಕ್ಕರಿನಲ್ಲಿ ಮಾಡುವವರಿದ್ದೀರಿ. ಗ್ಯಾಸ್ಕೆಟ್, ವಿಸಿಲ್ ಎರಡನ್ನೂ ತೆಗೆಯಲೇಬೇಕು. ಆದರೂ ನೀರಿಲ್ಲದೆ ಕಾಯಿಸಿದರೆ ಕುಕ್ಕರಿನ ತಳ ಸೊಟ್ಟಗಾಗಬಹುದು. ಹಳೆಯ ದಪ್ಪ ಪಾತ್ರೆಯ ತಳಕ್ಕೆ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ತಟ್ಟೆ ಮುಚ್ಚಿ ಮಾಡುವುದೇ ಮೇಲು. ನಾನ್‌ಸ್ಟಿಕ್ ಪಾತ್ರೆ ಇದಕ್ಕೆ ಆಗುವುದಿಲ್ಲ.

ಹೊಸ ರಾಡ್ ಹಾಕಿ ಒವನ್ ಮನೆಗೆ ಬಂದ ಮೇಲೆ ಕಿಟಕಿ ತೆರೆದು ಇಪ್ಪತ್ತು ನಿಮಿಷ ಖಾಲಿ ಓಡಿಸಿ. ಸ್ವಲ್ಪ ಹೊಗೆ, ವಾಸನೆ ಬಂದು ನಿಲ್ಲುತ್ತದೆ. ಅವತ್ತೇ ಹನ್ನೆರಡು ಮಫಿನ್‌ಗೆ ಕಲಸಬೇಡಿ. ಮೊದಲು ನಾಲ್ಕು ತುಂಡು ಬ್ರೆಡ್ ಇಟ್ಟು ನೋಡಿ.